ಗ್ಯಾಂಗ್ ಹುಡುಕುತ್ತಾ ಹೋದರೆ ಸಿಗುವುದು ಸರ್ಕಾರ

ಇಂಟರ್ನೆಟ್‌ನಲ್ಲಿ ಎಂಎಸ್-13 ಎಂಬ ಗ್ಯಾಂಗಿನ ಹೆಸರು ಹುಡುಕಿ ನೋಡಿ. ಮೊದಲು ಬರುವುದು ಒಂದೇ ಬಗೆಯ ಫೋಟೋಗಳು. ತಲೆ ಬೋಳಿಸಿದ, ಬರಿಮೈಯ, ಬಿಳಿ ಚಡ್ಡಿ ತೊಟ್ಟ ನೂರಾರು ಗಂಡಸರು ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡು ನೆಲದ ಮೇಲೆ ಕೂತಿರುತ್ತಾರೆ. ಮೈತುಂಬ ಹಚ್ಚೆ. ಸುತ್ತ ಮುಖ ಮುಚ್ಚಿಕೊಂಡ ಕಾವಲಿನವರು. ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ದೇಶದ ಸೆಕೋಟ್ ಎಂಬ ಜೈಲಿನ ಚಿತ್ರಗಳಿವು. 2023ರಲ್ಲಿ ತೆರೆದ ಈ ಜೈಲಿನಲ್ಲಿ 40 ಸಾವಿರ ಜನರನ್ನು ಇಡಬಹುದು ಅಂತ ಅಲ್ಲಿನ ಸರ್ಕಾರ ಹೇಳುತ್ತದೆ. ಬಹಳಷ್ಟು ಫೋಟೋ, ವಿಡಿಯೋ ತೆಗೆಸಿ ಹಂಚಿದ್ದೂ ಸರ್ಕಾರವೇ. ಬೆಳಕು, ಕೋನ, ಸಾಲು ಎಲ್ಲ ಅಚ್ಚುಕಟ್ಟು.

ಆ ಸಾಲಿನಲ್ಲಿ ಕೂತ ಒಬ್ಬನ ಬಗ್ಗೆಯಾದರೂ ನಮಗೆ ಏನು ಗೊತ್ತಾಗುತ್ತದೆ? ಅವನು ಮಾಡಿದ್ದೇನು, ವಿಚಾರಣೆ ಆಗಿದೆಯೋ ಇಲ್ಲವೋ, ಹಚ್ಚೆ ಹಾಕಿಸಿಕೊಂಡದ್ದು ಯಾವ ವಯಸ್ಸಿನಲ್ಲಿ, ಯಾವ ಊರಿನಲ್ಲಿ? ಯಾವುದೂ ಇಲ್ಲ. ಫೋಟೋ ಹೇಳುವುದು ಸರ್ಕಾರದ ಬಗ್ಗೆ.

ಗಡಿ ದಾಟಿ ಹರಡಿದ ಬೀದಿ ಗ್ಯಾಂಗುಗಳ ಬಗ್ಗೆ ಕೆಲವು ವರ್ಷಗಳಿಂದ ಓದುತ್ತಿದ್ದೇನೆ. ಸಂಶೋಧಕರ ಪುಸ್ತಕ, ಪತ್ರಕರ್ತರ ವರದಿ, ಕೋರ್ಟಿನ ಕಡತ, ಸಿಕ್ಕಿದ್ದೆಲ್ಲ. ಓದಿದಷ್ಟೂ ಒಂದು ವಿಷಯ ಮನಸ್ಸಿನಲ್ಲಿ ಗಟ್ಟಿಯಾಗುತ್ತಿದೆ. ಈ ಗ್ಯಾಂಗುಗಳ ಕಥೆಯನ್ನು ಸರ್ಕಾರಗಳ ಕಥೆಯಿಂದ ಬಿಡಿಸಿ ಹೇಳೋಕೆ ಆಗುವುದಿಲ್ಲ. ಗ್ಯಾಂಗ್ ಹೊಸ ರೂಪ ಪಡೆದ ಪ್ರತಿ ತಿರುವಿನಲ್ಲೂ, ಅದನ್ನು ಮುಗಿಸುತ್ತೇವೆ ಅಂತ ಹೊರಟ ಯಾವುದೋ ಸರ್ಕಾರದ ಕೈ ಕಾಣುತ್ತದೆ. ಇದನ್ನು ಹೇಳಿದರೆ ‘ಹಾಗಾದರೆ ಕೊಲೆ ಮಾಡಿದವರದ್ದು ತಪ್ಪಿಲ್ವಾ?’ ಅಂತ ಕೇಳುವವರಿದ್ದಾರೆ. ತಪ್ಪಿದೆ. ಕೊಂದವರು ಅವರೇ. ಆದರೆ ಒಂದು ಬಡಾವಣೆಯ ಪುಂಡ ಹುಡುಗರ ಗುಂಪು ನಾಲ್ಕಾರು ದೇಶಗಳಲ್ಲಿ ಬೇರು ಬಿಟ್ಟದ್ದು ಹೇಗೆ ಅನ್ನುವ ಪ್ರಶ್ನೆಗೆ ಅಷ್ಟು ಉತ್ತರ ಸಾಲದು.

ಮಾರಾ ಸಾಲ್ವಾತ್ರುಚಾ, ಅಂದರೆ ಎಂಎಸ್-13, ಹುಟ್ಟಿದ್ದು ಎಲ್ ಸಾಲ್ವಡಾರ್‌ನಲ್ಲಿ ಅಲ್ಲ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ. 1980ರಿಂದ 1992ರವರೆಗೆ ಎಲ್ ಸಾಲ್ವಡಾರ್‌ನಲ್ಲಿ ಒಳಯುದ್ಧ ನಡೆಯಿತು. ಸುಮಾರು 75 ಸಾವಿರ ಜನ ಸತ್ತರು. ಅಮೆರಿಕ ಅಲ್ಲಿನ ಸೇನೆಗೆ ದುಡ್ಡು, ಆಯುಧ ಕೊಡುತ್ತಿತ್ತು. ಜನ ಓಡಿದ್ದೂ ಅಮೆರಿಕಕ್ಕೇ. ಆದರೆ ತಾನೇ ಬೆಂಬಲಿಸುತ್ತಿದ್ದ ಸರ್ಕಾರದಿಂದ ತಪ್ಪಿಸಿಕೊಂಡು ಬಂದವರನ್ನು ನಿರಾಶ್ರಿತರು ಅಂತ ಒಪ್ಪಲು ಅಮೆರಿಕಕ್ಕೆ ಮನಸ್ಸಿರಲಿಲ್ಲ. 1984ರಲ್ಲಿ ಆಶ್ರಯ ಕೇಳಿದ ಸಾಲ್ವಡಾರಿನವರ ಅರ್ಜಿಗಳಲ್ಲಿ ಒಪ್ಪಿಗೆ ಸಿಕ್ಕಿದ್ದು ಶೇ 3ಕ್ಕಿಂತ ಕಡಿಮೆ. ಉಳಿದವರು ಕಾಗದಪತ್ರ ಇಲ್ಲದೆ ಲಾಸ್ ಏಂಜಲೀಸ್‌ನ ಪಿಕೊ-ಯೂನಿಯನ್, ಮೆಕಾರ್ಥರ್ ಪಾರ್ಕ್ ಸುತ್ತಲಿನ ಇಕ್ಕಟ್ಟಾದ ಮನೆಗಳಲ್ಲಿ ಬದುಕಿದರು.

ಅವರ ಮಕ್ಕಳು ಕಟ್ಟಿಕೊಂಡ ಮೊದಲ ಗುಂಪುಗಳನ್ನು ನೋಡಿದರೆ ನಗು ಬರುತ್ತದೆ. ಉದ್ದ ಕೂದಲು, ಹರಿದ ಜೀನ್ಸ್, ಹೆವಿ ಮೆಟಲ್ ಸಂಗೀತ, ಗಾಂಜಾ. ‘ಸ್ಟೋನರ್ಸ್’, ಅಂದರೆ ಗಾಂಜಾ ನಶೆಯವರು ಅಂತಲೇ ಹೆಸರಿಟ್ಟುಕೊಂಡಿದ್ದರು. ಅಲ್ಲಿ ಮೊದಲೇ ನೆಲೆಯೂರಿದ್ದ ಮೆಕ್ಸಿಕನ್ ಮೂಲದ ಗ್ಯಾಂಗುಗಳು ಇವರನ್ನು ಅಟ್ಟಿಸಿಕೊಂಡು ಹೊಡೆಯುತ್ತಿದ್ದವು. ಇವರೂ ತಿರುಗಿ ಹೊಡೆದರು. ಪೊಲೀಸರು ಹಿಡಿದು ಜೈಲಿಗೆ ಹಾಕಿದರು. ಕ್ಯಾಲಿಫೋರ್ನಿಯಾದ ಜೈಲುಗಳಲ್ಲಿ ಆಗ ಮೆಕ್ಸಿಕನ್ ಮಾಫಿಯಾ ಎಂಬ ಕೈದಿಗಳ ಗ್ಯಾಂಗಿನದೇ ದರ್ಬಾರು. ಒಳಗೆ ಜೀವ ಉಳಿಯಬೇಕೆಂದರೆ ಅವರಿಗೆ ತಲೆಬಾಗಬೇಕು. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಎಂ 13ನೆಯದು. ಎಂಎಸ್‌ಗೆ 13 ಸೇರಿದ್ದು ಆ ನಿಷ್ಠೆಯ ಗುರುತಾಗಿ. ಉದ್ದ ಕೂದಲು ಹೋಗಿ ಬೋಳುತಲೆ ಬಂತು. ಒಳಗೆ ಹೋದವರು ಸಂಗೀತ ಕೇಳುವ ಹುಡುಗರು, ಹೊರಗೆ ಬಂದವರು ಬೇರೆಯೇ ಜನ.

ಇನ್ನೊಂದು ಗ್ಯಾಂಗ್, ಇವರ ಬದ್ಧವೈರಿ, 18ನೇ ಬೀದಿಯವರು, ಅಂದರೆ ಬಾರಿಯೊ 18. ಅದೂ ಲಾಸ್ ಏಂಜಲೀಸ್‌ನದ್ದೇ. ಎರಡಕ್ಕೂ ಹುಟ್ಟೂರು ಒಂದೇ ಅನ್ನೋದು ಎಷ್ಟೋ ಜನರಿಗೆ ಗೊತ್ತಿಲ್ಲ.

1992ರ ಜನವರಿಯಲ್ಲಿ ಎಲ್ ಸಾಲ್ವಡಾರ್‌ನಲ್ಲಿ ಶಾಂತಿ ಒಪ್ಪಂದ ಆಯಿತು. ಅದೇ ವರ್ಷ ಏಪ್ರಿಲ್ ಕೊನೆಯಲ್ಲಿ ಲಾಸ್ ಏಂಜಲೀಸ್ ಹೊತ್ತಿ ಉರಿಯಿತು. ಗಲಭೆ ಮುಗಿದ ಮೇಲೆ ವಲಸೆ ಹುಡುಗರನ್ನು ಹಿಡಿದು ಕಳಿಸುವುದು ಜೋರಾಯಿತು. 1996ರಲ್ಲಿ ಕ್ಲಿಂಟನ್ ಸಹಿ ಹಾಕಿದ ವಲಸೆ ಕಾನೂನು ಗಡೀಪಾರಿನ ಬಾಗಿಲನ್ನು ಪೂರ್ತಿ ತೆರೆಯಿತು. ಸಣ್ಣಪುಟ್ಟ ಅಪರಾಧವೂ ಗಡೀಪಾರಿಗೆ ಸಾಕಾಯಿತು. ಹಳೆಯ ಕೇಸುಗಳಿಗೂ ಅದು ಅನ್ವಯಿಸಿತು.

ವಿಮಾನ ಇಳಿದ ಹುಡುಗರನ್ನು ಸ್ವಲ್ಪ ಊಹಿಸಿಕೊಳ್ಳಿ. ನಾಲ್ಕೈದು ವರ್ಷದ ಮಗುವಾಗಿದ್ದಾಗ ಬಿಟ್ಟ ದೇಶ. ಸ್ಪ್ಯಾನಿಷ್ ತಡವರಿಸುತ್ತದೆ. ಬಂಧುಗಳು ಅಲ್ಲೇ ಅಮೆರಿಕದಲ್ಲಿ ಉಳಿದಿದ್ದಾರೆ. ಇಳಿದ ದೇಶದಲ್ಲಿ ಯುದ್ಧ ಈಗಷ್ಟೇ ಮುಗಿದಿದೆ, ಬಂದೂಕು ಬೇಕಾದಷ್ಟಿವೆ, ಹಳೆಯ ಪೊಲೀಸ್ ಪಡೆಯನ್ನು ವಿಸರ್ಜಿಸಿ ಹೊಸದನ್ನು ಕಟ್ಟುತ್ತಿದ್ದಾರೆ. ಬಂದವರ ಅಪರಾಧದ ದಾಖಲೆಯನ್ನು ಅಮೆರಿಕ ಆಗ ಸರಿಯಾಗಿ ಕೊಡುತ್ತಲೂ ಇರಲಿಲ್ಲ. ಇಲ್ಲಿಯ ಬಡ ಹುಡುಗರ ಕಣ್ಣಿಗೆ ಇವರು ಕಂಡದ್ದು ಸಿನಿಮಾದಿಂದ ಇಳಿದು ಬಂದ ಹೀರೋಗಳ ಹಾಗೆ. ಆ ಬಟ್ಟೆ, ಆ ಹಚ್ಚೆ, ಆ ಕೈಸನ್ನೆ.

ಇಲ್ಲೊಂದು ಎಚ್ಚರಿಕೆ ಬೇಕು. ‘ಅಮೆರಿಕ ಗ್ಯಾಂಗುಗಳನ್ನು ರಫ್ತು ಮಾಡಿತು’ ಅಂತ ಒಂದೇ ಸಾಲಿನಲ್ಲಿ ಮುಗಿಸುವ ಬರಹಗಳು ಬೇಕಾದಷ್ಟಿವೆ. ಅರ್ಧ ನಿಜ. 1996ರಲ್ಲಿ ರಾಜಧಾನಿ ಸಾನ್ ಸಾಲ್ವಡಾರ್‌ನ ಜೆಸ್ವಿಟ್ ಪಾದ್ರಿಗಳ ವಿಶ್ವವಿದ್ಯಾಲಯದ ಅಭಿಪ್ರಾಯ ಸಮೀಕ್ಷಾ ಸಂಸ್ಥೆ ಐಯುಡಾಪ್ ಸಾವಿರಕ್ಕೂ ಹೆಚ್ಚು ಗ್ಯಾಂಗ್ ಸದಸ್ಯರನ್ನು ಮಾತನಾಡಿಸಿತು. ಅವರಲ್ಲಿ ಬಹುಪಾಲು ಹುಡುಗರು ಅಮೆರಿಕವನ್ನೇ ನೋಡಿರಲಿಲ್ಲ. ಮೊದಲೇ ಇದ್ದ ಸ್ಕೂಲ್ ಹುಡುಗರ ಗುಂಪುಗಳು, ಗಲ್ಲಿಯ ಗುಂಪುಗಳು ಈ ಎರಡು ಹೆಸರುಗಳ ಕೆಳಗೆ ಸೇರಿಕೊಂಡವು. ಬಂದಿದ್ದು ಸೈನ್ಯವಲ್ಲ. ಒಂದು ಹೆಸರು, ಒಂದು ರೀತಿ, ಒಂದು ವೈರ. ಲಾಸ್ ಏಂಜಲೀಸ್‌ನ ಎರಡು ಬಡಾವಣೆಗಳ ಜಗಳಕ್ಕೆ ಆ ಊರನ್ನೇ ಕಾಣದ ಮಕ್ಕಳು ಸಾಯತೊಡಗಿದರು.

ಹತ್ತಿರದ ನಿಕರಾಗುವಾ ದೇಶವನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲೂ ಯುದ್ಧ ಆಗಿತ್ತು, ಅಲ್ಲೂ ಬಡತನ, ಅಲ್ಲೂ ಕೈಗೊಂದು ಬಂದೂಕು. ಡೆನಿಸ್ ರಾಜರ್ಸ್ ಎಂಬ ಮಾನವಶಾಸ್ತ್ರಜ್ಞ 1996ರಲ್ಲಿ ಅಲ್ಲಿನ ರಾಜಧಾನಿ ಮನಾಗುವಾದ ಒಂದು ಬಡ ಕೇರಿಗೆ ಹೋಗಿ ಅಲ್ಲಿನ ಗ್ಯಾಂಗಿಗೇ ಸೇರಿಕೊಂಡು ಅಧ್ಯಯನ ಮಾಡಿದರು. (ಇಂಥ ಸಂಶೋಧನೆಗೆ ಇವತ್ತು ಯಾವ ವಿಶ್ವವಿದ್ಯಾಲಯವೂ ಅನುಮತಿ ಕೊಡಲಾರದು.) ಅವರು ಕಂಡ ಗ್ಯಾಂಗ್ ತನ್ನ ಕೇರಿಯನ್ನು ಕಾಯುವ, ಪಕ್ಕದ ಕೇರಿಯ ಜೊತೆ ಹೊಡೆದಾಡುವ ಗುಂಪು. ಆದರೆ ಎಂಎಸ್-13, 18ನೇ ಬೀದಿ ಅಲ್ಲಿ ಬೇರು ಬಿಡಲಿಲ್ಲ. ನಿಕರಾಗುವಾದವರು ಹೆಚ್ಚಾಗಿ ವಲಸೆ ಹೋಗಿದ್ದು ಮಯಾಮಿಗೆ ಮತ್ತು ಕೋಸ್ಟರಿಕಾಗೆ. ಲಾಸ್ ಏಂಜಲೀಸ್‌ನಿಂದ ಗಡೀಪಾರಾಗಿ ಬಂದವರು ತೀರಾ ಕಡಿಮೆ.

ಇದು ಮಧ್ಯ ಅಮೆರಿಕದ ವಿಶೇಷವೂ ಅಲ್ಲ. ಆಸ್ಟ್ರೇಲಿಯಾ 2014ರ ಕೊನೆಯಲ್ಲಿ ವಲಸೆ ಕಾಯ್ದೆಯ 501ನೇ ಕಲಮನ್ನು ಬಿಗಿ ಮಾಡಿತು. ಜೈಲು ಕಂಡಿದ್ದ ನ್ಯೂಜಿಲೆಂಡ್ ಮೂಲದವರನ್ನು ವಾಪಸ್ ಕಳಿಸತೊಡಗಿತು. ಅವರಲ್ಲಿ ಹಲವರು ಮಕ್ಕಳಾಗಿದ್ದಾಗಲೇ ಆಸ್ಟ್ರೇಲಿಯಾಗೆ ಹೋದವರು. 2018ರ ಹೊತ್ತಿಗೆ ಆಸ್ಟ್ರೇಲಿಯಾದ ಕಮಾಂಚೆರೋಸ್ ಎಂಬ ಬೈಕ್ ಗ್ಯಾಂಗಿನ ಶಾಖೆ ನ್ಯೂಜಿಲೆಂಡ್‌ನಲ್ಲಿ ತೆರೆದಿತ್ತು. 2024ರ ನವೆಂಬರ್‌ನಿಂದ ನ್ಯೂಜಿಲೆಂಡ್‌ನಲ್ಲಿ ಗ್ಯಾಂಗಿನ ಲಾಂಛನ ಹಾಕಿಕೊಂಡು ಸಾರ್ವಜನಿಕವಾಗಿ ಓಡಾಡುವುದೇ ಅಪರಾಧ. ಭಾಷೆ ಬೇರೆ, ಸಾಗರ ಬೇರೆ, ದಾರಿ ಮಾತ್ರ ಅದೇ.

ಮುಂದಿನ ತಿರುವು 2003. ಎಲ್ ಸಾಲ್ವಡಾರ್ ಅಧ್ಯಕ್ಷ ಫ್ರಾನ್ಸಿಸ್ಕೊ ಫ್ಲೋರೆಸ್ ಚುನಾವಣೆ ಹತ್ತಿರ ಬರುತ್ತಿದ್ದ ಹಾಗೆ ‘ಮಾನೋ ದುರಾ’, ಅಂದರೆ ಬಿಗಿ ಕೈ ಎಂಬ ಕಾರ್ಯಾಚರಣೆ ಘೋಷಿಸಿದರು. ಹಚ್ಚೆ ಇದ್ದರೆ ಹಿಡಿ, ಗುಂಪಿನಲ್ಲಿ ನಿಂತಿದ್ದರೆ ಹಿಡಿ. ಒಂದು ವರ್ಷದಲ್ಲಿ 19 ಸಾವಿರದಷ್ಟು ಬಂಧನಗಳಾದವು. ಸಾಕ್ಷ್ಯವಿಲ್ಲದೆ ಬಹುಪಾಲು ಜನರನ್ನು ಕೋರ್ಟುಗಳು ಬಿಟ್ಟು ಕಳಿಸಿದವು. ಅದಕ್ಕೆಂದೇ ಮಾಡಿದ ಕಾನೂನನ್ನು 2004ರಲ್ಲಿ ಸುಪ್ರೀಂ ಕೋರ್ಟ್ ಅಸಾಂವಿಧಾನಿಕ ಅಂದಿತು. ಆದರೆ ಫ್ಲೋರೆಸ್ ಪಕ್ಷ ಚುನಾವಣೆ ಗೆದ್ದಿತ್ತು. ಮುಂದಿನ ಅಧ್ಯಕ್ಷ ಆಂಟೋನಿಯೊ ಸಾಕಾ ತಂದ ಯೋಜನೆಯ ಹೆಸರು ‘ಸೂಪರ್ ಮಾನೋ ದುರಾ’. ಜೋಕ್ ಅಲ್ಲ, ನಿಜವಾಗಿಯೂ ಅದೇ ಹೆಸರು. ಹೊಂಡುರಾಸ್‌ನಲ್ಲೂ ಗ್ವಾಟೆಮಾಲಾದಲ್ಲೂ ಅದೇ ವರ್ಷ ಇಂಥವೇ ಕ್ರಮಗಳು ಬಂದವು. ಹೊಂಡುರಾಸ್‌ನ ಜೈಲುಗಳು ಎಷ್ಟು ತುಂಬಿ ಹೋದವೆಂದರೆ 2004ರ ಮೇನಲ್ಲಿ ಸಾನ್ ಪೆದ್ರೊ ಸೂಲಾ ಜೈಲಿನ ಬೆಂಕಿಯಲ್ಲಿ ನೂರಕ್ಕೂ ಹೆಚ್ಚು ಗ್ಯಾಂಗ್ ಕೈದಿಗಳು ಬೀಗ ಹಾಕಿದ ಕೋಣೆಯೊಳಗೇ ಸತ್ತರು.

ನನ್ನ ಪ್ರಕಾರ ಇಡೀ ಕಥೆಯಲ್ಲಿ ದೊಡ್ಡ ತಿರುವು ಜೈಲುಗಳದ್ದೇ. ಒಳಗೆ ಹೊಡೆದಾಟ ತಪ್ಪಿಸಲು ಅಧಿಕಾರಿಗಳು ಎಂಎಸ್-13ರವರಿಗೆ ಒಂದು ಜೈಲು, 18ನೇ ಬೀದಿಯವರಿಗೆ ಇನ್ನೊಂದು ಅಂತ ಹಂಚಿಬಿಟ್ಟರು. ಸಿಉದಾದ್ ಬಾರಿಯೋಸ್ ಎಂಎಸ್-13ರ ಜೈಲಾಯಿತು. ಅಲ್ಲಿಯವರೆಗೆ ಬೀದಿ ಬೀದಿಯ ಗುಂಪುಗಳಿಗೆ ಅವರವರದೇ ಮುಖಂಡರಿದ್ದರು. ಒಬ್ಬರಿಗೊಬ್ಬರ ಪರಿಚಯ ಕಡಿಮೆ. ದೇಶದ ಮೂಲೆ ಮೂಲೆಯ ಮುಖಂಡರನ್ನೆಲ್ಲ ಸರ್ಕಾರವೇ ಒಂದೇ ಸೂರಿನಡಿ ಕೂರಿಸಿತು. ದಿನವಿಡೀ ಮಾತಾಡಲು ಬೇಕಾದಷ್ಟು ಸಮಯ, ಒಳಗೆ ಬರುವ ಮೊಬೈಲು. ಸಂಘಟನೆಗೆ ಇನ್ನೇನು ಬೇಕು? ರಾಷ್ಟ್ರಮಟ್ಟದ ನಾಯಕತ್ವ ಹುಟ್ಟಿದ್ದು ಅಲ್ಲಿ. ಹೊರಗೆ ವಸೂಲಿ ಹೆಚ್ಚಿದ್ದೂ ಆಗಲೇ. ಒಳಗಿರುವವರಿಗೆ, ಅವರ ಮನೆಯವರಿಗೆ, ಲಾಯರಿಗೆ ದುಡ್ಡು ಬೇಕಲ್ಲ.

ವಸೂಲಿಯನ್ನು ಅಲ್ಲಿ ‘ರೆಂಟಾ’ ಅನ್ನುತ್ತಾರೆ. ಬಸ್ ಮಾಲೀಕರು, ಅಂಗಡಿಯವರು, ತಿಂಡಿ ಮಾರುವ ಹೆಂಗಸರು, ಎಲ್ಲರೂ ಕೊಡಬೇಕು. ಕೊಡದಿದ್ದರೆ ಸಾವು. 2010ರ ಜೂನ್‌ನಲ್ಲಿ ಮೆಹಿಕಾನೋಸ್ ಎಂಬಲ್ಲಿ 18ನೇ ಬೀದಿಯವರು ಪ್ರಯಾಣಿಕರಿದ್ದ ಮಿನಿಬಸ್ಸಿಗೆ ಬೆಂಕಿ ಹಚ್ಚಿದರು. 17 ಜನ ಸತ್ತರು. ಒಂದು ಗ್ಯಾಂಗಿನ ಬಡಾವಣೆಯಲ್ಲಿ ಮನೆ ಇರುವವನು ಇನ್ನೊಂದು ಗ್ಯಾಂಗಿನ ಬಡಾವಣೆಗೆ ಕೆಲಸಕ್ಕೆ ಹೋಗುವಂತಿಲ್ಲ. ಅಜ್ಜಿಯನ್ನು ನೋಡಲೂ ಹೋಗುವಂತಿಲ್ಲ. ಗೋಡೆಗಳ ಮೇಲೆ ಬರೆದಿರುತ್ತಿತ್ತು: ನೋಡು, ಕೇಳು, ಬಾಯಿ ಮುಚ್ಚಿಕೊಂಡಿರು.

ಇಷ್ಟೆಲ್ಲ ಭಯ ಹುಟ್ಟಿಸಿದವರು ಕೋಟ್ಯಧಿಪತಿಗಳಾಗಿರಬೇಕು ಅಂತ ಅನಿಸುತ್ತದೆ ಅಲ್ವಾ? 2016ರಲ್ಲಿ ಎಲ್ ಫಾರೊ ಎಂಬ ಸಾಲ್ವಡಾರಿನ ಸುದ್ದಿಸಂಸ್ಥೆ ನ್ಯೂಯಾರ್ಕ್ ಟೈಮ್ಸ್ ಜೊತೆ ಸೇರಿ ಎಂಎಸ್-13ರ ಲೆಕ್ಕ ಬಿಡಿಸಿತು. ತನಿಖಾಧಿಕಾರಿಗಳ ಅಂದಾಜಿನಂತೆ ಎಲ್ ಸಾಲ್ವಡಾರ್‌ನಲ್ಲಿ ಅದರ ವರ್ಷದ ಆದಾಯ ಸುಮಾರು 3.1 ಕೋಟಿ ಡಾಲರ್. ಸದಸ್ಯರಿಗೆಲ್ಲ ಸಮನಾಗಿ ಹಂಚಿದರೆ ಒಬ್ಬನಿಗೆ ವಾರಕ್ಕೆ 15 ಡಾಲರ್ ಆಸುಪಾಸು. ಹೊಲದಲ್ಲಿ ಕೂಲಿ ಮಾಡುವವನಿಗೆ ಇದಕ್ಕಿಂತ ಜಾಸ್ತಿ ಸಿಗುತ್ತದೆ.

ಈ ಲೆಕ್ಕ ಓದಿದ ಮೇಲೆ ‘ಅಂತರರಾಷ್ಟ್ರೀಯ ಅಪರಾಧ ಜಾಲ’ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಅನುಮಾನ ಬರುತ್ತದೆ. 2012ರ ಅಕ್ಟೋಬರ್‌ನಲ್ಲಿ ಅಮೆರಿಕದ ಖಜಾನೆ ಇಲಾಖೆ ಎಂಎಸ್-13 ಅನ್ನು ಅಂಥ ಜಾಲಗಳ ಪಟ್ಟಿಗೆ ಸೇರಿಸಿತು. ಬ್ಯಾಂಕ್ ಖಾತೆ, ಆಸ್ತಿ ಸ್ತಂಭನ ಎಲ್ಲ ಅದರಲ್ಲಿ ಬರುತ್ತದೆ. ವಾರಕ್ಕೆ 15 ಡಾಲರ್‌ನವನ ಬ್ಯಾಂಕ್ ಖಾತೆ! ಇನ್‌ಸೈಟ್ ಕ್ರೈಮ್ ಎಂಬ ಸಂಶೋಧನಾ ಸಂಸ್ಥೆ ಮತ್ತು ಅಮೆರಿಕನ್ ಯೂನಿವರ್ಸಿಟಿ ಸೇರಿ 2018ರಲ್ಲಿ ತಂದ ವರದಿ ಬೇರೆ ಮಾತು ಹೇಳಿತು. ಎಂಎಸ್-13 ಮೊದಲಿಗೆ ಒಂದು ಸಾಮಾಜಿಕ ಗುಂಪು, ಆಮೇಲೆ ಅಪರಾಧದ ಗುಂಪು. ಹುಡುಗರು ದುಡ್ಡಿಗಿಂತ ಹೆಚ್ಚಾಗಿ ತಮ್ಮವರು ಅನ್ನುವ ಜನಕ್ಕಾಗಿ ಸೇರುತ್ತಾರೆ. ಹಿಂಸೆಯೇ ಅವರನ್ನು ಕಟ್ಟಿಹಾಕುವ ಅಂಟು. ಒಪ್ಪುವುದು ಕಷ್ಟ. ಆದರೆ ಹೊಸಬನನ್ನು ಸೇರಿಸಿಕೊಳ್ಳುವಾಗ 13 ಸೆಕೆಂಡು ಎಲ್ಲರೂ ಸೇರಿ ಹೊಡೆಯುವ ಪದ್ಧತಿ ಯಾವ ಲಾಭದ ಲೆಕ್ಕಕ್ಕೂ ಸಿಗುವುದಿಲ್ಲ.

ಸದಸ್ಯರ ಲೆಕ್ಕವೂ ಅಷ್ಟೇ ಜಾರುತ್ತದೆ. ಅಮೆರಿಕದಲ್ಲಿ ಎಂಎಸ್-13 ಸದಸ್ಯರು ಸುಮಾರು 10 ಸಾವಿರ ಅಂತ 2006ರ ಸುಮಾರಿಗೆ ಎಫ್‌ಬಿಐ ಹೇಳುತ್ತಿತ್ತು. 2017ರಲ್ಲಿ ಅಲ್ಲಿನ ಅಟಾರ್ನಿ ಜನರಲ್ ಕೂಡ 10 ಸಾವಿರ ಅಂದರು. ಹತ್ತು ವರ್ಷ ಹಿಡಿದರು, ಜೈಲಿಗೆ ಹಾಕಿದರು, ಗಡೀಪಾರು ಮಾಡಿದರು, ಸಂಖ್ಯೆ ಮಾತ್ರ ಅಲುಗಲಿಲ್ಲ.

ಇದಕ್ಕಿಂತ ಸ್ವಾರಸ್ಯವಾದದ್ದು ಕ್ಯಾಲಿಫೋರ್ನಿಯಾದ ಕಾಲ್‌ಗ್ಯಾಂಗ್. ಗ್ಯಾಂಗ್ ಸದಸ್ಯರು, ಶಂಕಿತರು ಎಲ್ಲರ ಹೆಸರಿರುವ ಪೊಲೀಸ್ ಡೇಟಾಬೇಸ್ ಅದು. 2016ರಲ್ಲಿ ರಾಜ್ಯದ ಲೆಕ್ಕಪರಿಶೋಧಕರು ಅದನ್ನು ತೆರೆದು ನೋಡಿದರು. ಪಟ್ಟಿಗೆ ಸೇರಿಸಿದ ದಿನ ಒಂದು ವರ್ಷವೂ ತುಂಬಿರದ 42 ಮಂದಿ ಅದರಲ್ಲಿದ್ದರು. ಕೂಸುಗಳು! ಅವರಲ್ಲಿ 28 ಕೂಸುಗಳ ಹೆಸರಿನ ಮುಂದೆ ಕಾರಣ ಹೀಗಿತ್ತು: ತಾನು ಗ್ಯಾಂಗ್ ಸದಸ್ಯ ಅಂತ ಸ್ವತಃ ಒಪ್ಪಿಕೊಂಡಿದ್ದಾನೆ. ಹುಟ್ಟಿದ ದಿನಾಂಕ ತಪ್ಪಾಗಿ ಬರೆದುಕೊಂಡಿರುತ್ತಾರೆ, ಗೊತ್ತು. ಆದರೆ ಅಷ್ಟು ವರ್ಷ ಅದನ್ನು ಯಾರೂ ಗಮನಿಸಲಿಲ್ಲ. ಇಂಥ ಪಟ್ಟಿಯಲ್ಲಿ ಹೆಸರಿದ್ದರೆ ಶಿಕ್ಷೆ ಹೆಚ್ಚಬಹುದು, ವಲಸೆ ಅರ್ಜಿ ಬಿದ್ದುಹೋಗಬಹುದು. ಇಂಥ ಪಟ್ಟಿಗಳನ್ನೇ ನಂಬಿ ಎಷ್ಟೋ ಅಧ್ಯಯನಗಳೂ ನಡೆಯುತ್ತವೆ.

ಹಾಗಾದರೆ ಗ್ಯಾಂಗುಗಳ ಜೊತೆ ಸರ್ಕಾರ ಮಾತಾಡಿದರೆ? ಅದನ್ನೂ ಮಾಡಿ ನೋಡಿದ್ದಾರೆ. 2012ರ ಮಾರ್ಚ್‌ನಲ್ಲಿ ಎಲ್ ಸಾಲ್ವಡಾರ್‌ನ ಕೊಲೆಗಳು ಇದ್ದಕ್ಕಿದ್ದಂತೆ ಇಳಿದವು. ದಿನಕ್ಕೆ 14ರಷ್ಟಿದ್ದದ್ದು ಐದಾರಕ್ಕೆ ಬಂತು. ಯಾಕೆ ಅಂತ ಯಾರಿಗೂ ಅರ್ಥವಾಗಲಿಲ್ಲ. ಎಲ್ ಫಾರೊ ಬರೆಯಿತು: ಸರ್ಕಾರ ಗ್ಯಾಂಗ್ ನಾಯಕರ ಜೊತೆ ಒಪ್ಪಂದ ಮಾಡಿಕೊಂಡಿದೆ, ಅವರನ್ನು ಬಿಗಿಭದ್ರತೆಯ ಜೈಲಿನಿಂದ ಸಾಮಾನ್ಯ ಜೈಲಿಗೆ ಕಳಿಸಿದೆ. ಮಧ್ಯಸ್ಥರು ಇಬ್ಬರು. ಒಬ್ಬರು ಹಿಂದೆ ಗೆರಿಲ್ಲಾ ಆಗಿದ್ದ ರಾವುಲ್ ಮಿಹಾಂಗೊ, ಇನ್ನೊಬ್ಬರು ಬಿಷಪ್ ಫಾಬಿಯೊ ಕೊಲಿಂದ್ರೆಸ್. ಅಧ್ಯಕ್ಷ ಮೌರಿಸಿಯೊ ಫ್ಯುನೆಸ್ ಸರ್ಕಾರ ಮೊದಲು ಇಲ್ಲ ಅಂದಿತು. ಆಮೇಲೆ ಗೊತ್ತೇ ಇಲ್ಲ ಅಂದಿತು. ಆಮೇಲೆ ಅನುಕೂಲ ಮಾಡಿಕೊಟ್ಟಿದ್ದೇವೆ ಅಷ್ಟೇ ಅಂದಿತು.

ಎರಡು ವರ್ಷದೊಳಗೆ ಒಪ್ಪಂದ ಮುರಿದು ಬಿತ್ತು. 2015ರಲ್ಲಿ ಲಕ್ಷ ಜನಕ್ಕೆ ನೂರಕ್ಕೂ ಹೆಚ್ಚು ಕೊಲೆ. ಯುದ್ಧ ನಡೆಯದ ದೇಶಗಳಲ್ಲಿ ಅದೇ ಅತಿ ಹೆಚ್ಚು. ಸಂಧಾನ ವಿಫಲವಾಯಿತು, ಇನ್ನು ಲಾಠಿಯೊಂದೇ ದಾರಿ ಅಂತ ಎಲ್ಲರೂ ತೀರ್ಮಾನಿಸಿದರು. ನನಗೆ ಆ ತೀರ್ಮಾನ ಅವಸರದ್ದು ಅನಿಸುತ್ತದೆ. ಆ ಸಂಧಾನದ ಹಿಂದೆ ಶಾಲೆ ಇರಲಿಲ್ಲ, ಕೆಲಸ ಇರಲಿಲ್ಲ, ವಸೂಲಿ ನಿಲ್ಲಿಸುವ ಷರತ್ತೂ ಇರಲಿಲ್ಲ. ಕೊಲೆ ಕಡಿಮೆ ಮಾಡಿ, ಸೌಲಭ್ಯ ತಗೊಳ್ಳಿ ಅನ್ನುವ ವ್ಯವಹಾರ ಅದು. ಅದರಿಂದ ಗ್ಯಾಂಗುಗಳು ಕಲಿತ ಪಾಠ ಭಯಂಕರವಾದದ್ದು. ಹೆಣಗಳ ಸಂಖ್ಯೆ ಏರಿಸಿದರೆ, ಇಳಿಸಿದರೆ ಸರ್ಕಾರವನ್ನು ಬೇಕಾದ ಕಡೆ ತಿರುಗಿಸಬಹುದು. ಫ್ಯುನೆಸ್ ನಿಕರಾಗುವಾಗೆ ಹೋಗಿ ನೆಲೆಸಿದರು. 2023ರಲ್ಲಿ ಅವರ ಗೈರುಹಾಜರಿಯಲ್ಲೇ 14 ವರ್ಷ ಶಿಕ್ಷೆಯಾಯಿತು. ಅವರು 2025ರ ಜನವರಿಯಲ್ಲಿ ತೀರಿಕೊಂಡರು. ಮಿಹಾಂಗೊ 2023ರಲ್ಲಿ ಬಂಧನದಲ್ಲಿದ್ದಾಗಲೇ ಸತ್ತರು.

ಬೇರೆ ಬಗೆಯ ಮಾತುಕತೆಯೂ ನಡೆದಿದೆ. 2006ರಲ್ಲಿ ಬಾರ್ಸಿಲೋನಾದಲ್ಲಿ ಲ್ಯಾಟಿನ್ ಕಿಂಗ್ಸ್ ಗ್ಯಾಂಗನ್ನು ಸಾಂಸ್ಕೃತಿಕ ಸಂಘವಾಗಿ ನೋಂದಾಯಿಸಿದರು. ಕಾರ್ಲೆಸ್ ಫೆಯ್ಷಾ ಎಂಬ ಮಾನವಶಾಸ್ತ್ರಜ್ಞರು ಆ ಹುಡುಗರ ಜೊತೆ ಕೆಲಸ ಮಾಡಿದ್ದರು. ಮುಂದೆ ಈಕ್ವೆಡಾರ್ ಕೂಡ ಅದೇ ಹಾದಿ ಹಿಡಿಯಿತು. ನಂತರದ ವರ್ಷಗಳಲ್ಲಿ ಅಲ್ಲಿ ಕೊಲೆಗಳು ಇಳಿದವು. ಆದರೆ ಪೊಲೀಸ್ ಸುಧಾರಣೆ, ಸಾಮಾಜಿಕ ಖರ್ಚು ಎಲ್ಲ ಒಟ್ಟಿಗೇ ನಡೆಯುತ್ತಿದ್ದ ಕಾಲ ಅದು. ಆಮೇಲೆ ಆ ದೇಶ ಕೊಕೇನ್ ಸಾಗಾಟದ ಹೆದ್ದಾರಿಯಾಯಿತು. 2024ರ ಜನವರಿಯಲ್ಲಿ ಅಧ್ಯಕ್ಷ ನೊಬೊವಾ 22 ಗುಂಪುಗಳನ್ನು ಭಯೋತ್ಪಾದಕರೆಂದು ಕರೆದು ಸೇನೆಯನ್ನು ಬೀದಿಗಿಳಿಸಿದರು.

ಈಗ ಬುಕೆಲೆ. ನನ್ನ ಇಷ್ಟೂ ವಾದಕ್ಕೆ ಕಷ್ಟ ಕೊಡುವುದು ನಯೀಬ್ ಬುಕೆಲೆಯೇ.

2019ರಲ್ಲಿ ಅವರು ಎಲ್ ಸಾಲ್ವಡಾರ್ ಅಧ್ಯಕ್ಷರಾದರು. ಕೊಲೆಗಳು ಇಳಿಯುತ್ತಾ ಹೋದವು. 2020ರಲ್ಲಿ ಎಲ್ ಫಾರೊ ಮತ್ತೆ ಜೈಲಿನ ದಾಖಲೆಗಳನ್ನು ಮುಂದಿಟ್ಟು, ಈ ಸರ್ಕಾರವೂ ಗ್ಯಾಂಗುಗಳ ಜೊತೆ ಮಾತಾಡುತ್ತಿದೆ ಅಂತ ಬರೆಯಿತು. ಬುಕೆಲೆ ಅಲ್ಲಗಳೆದರು. 2021ರ ಡಿಸೆಂಬರ್‌ನಲ್ಲಿ ಅಮೆರಿಕ ಇದೇ ಆರೋಪದ ಮೇಲೆ ಅವರ ಇಬ್ಬರು ಅಧಿಕಾರಿಗಳ ಮೇಲೆ ನಿರ್ಬಂಧ ಹಾಕಿತು. 2022ರ ಮಾರ್ಚ್ 25ರಿಂದ 27ರವರೆಗೆ ಮೂರು ದಿನದಲ್ಲಿ 87 ಜನರ ಕೊಲೆಯಾಯಿತು. 26ರಂದು ಒಂದೇ ದಿನ 62. ಒಪ್ಪಂದ ಮುರಿದದ್ದೇ ಇದಕ್ಕೆ ಕಾರಣ ಅಂತ ಎಲ್ ಫಾರೊ ಧ್ವನಿಮುದ್ರಣ ಸಮೇತ ವರದಿ ಮಾಡಿತು. 27ರಂದು ತುರ್ತು ಸ್ಥಿತಿ ಜಾರಿಯಾಯಿತು. ಅದನ್ನು ತಿಂಗಳು ತಿಂಗಳೂ ನವೀಕರಿಸುತ್ತಾ ಬಂದರು. ನ್ಯಾಯಾಧೀಶರ ಮುಂದೆ ಹಾಜರುಪಡಿಸದೆ 15 ದಿನ ಇಟ್ಟುಕೊಳ್ಳಬಹುದು. 12 ವರ್ಷದ ಮಕ್ಕಳಿಗೂ ಜೈಲು ಶಿಕ್ಷೆ ಕೊಡಬಹುದು. ಒಂದೇ ವಿಚಾರಣೆಯಲ್ಲಿ 900 ಜನರನ್ನು ನಿಲ್ಲಿಸಬಹುದು. 60 ಲಕ್ಷ ಚಿಲ್ಲರೆ ಜನಸಂಖ್ಯೆಯ ದೇಶದಲ್ಲಿ ಮೂರು ವರ್ಷದಲ್ಲಿ 80 ಸಾವಿರಕ್ಕೂ ಹೆಚ್ಚು ಬಂಧನಗಳಾದವು.

ಮತ್ತು ಗ್ಯಾಂಗುಗಳ ಆಳ್ವಿಕೆ ಮುರಿಯಿತು. ಇದನ್ನು ಮೆತ್ತಗೆ ಹೇಳಿ ಪ್ರಯೋಜನವಿಲ್ಲ. ಸರ್ಕಾರದ ಲೆಕ್ಕದಲ್ಲಿ 2024ರ ಕೊಲೆ ಪ್ರಮಾಣ ಲಕ್ಷಕ್ಕೆ 1.9. ಲೆಕ್ಕವನ್ನು ನಂಬದಿದ್ದರೂ ಜನರ ಮಾತನ್ನು ನಂಬಬೇಕಾಗುತ್ತದೆ. ಹತ್ತಾರು ವರ್ಷ ದಾಟಲಾಗದ ಬೀದಿಯನ್ನು ದಾಟುತ್ತಿದ್ದಾರೆ. ರೆಂಟಾ ಕೊಡದೆ ಅಂಗಡಿ ನಡೆಸುತ್ತಿದ್ದಾರೆ. 2024ರಲ್ಲಿ ಬುಕೆಲೆಗೆ ಶೇ 80ಕ್ಕಿಂತ ಹೆಚ್ಚು ಮತ ಬಿತ್ತು. ಸಂವಿಧಾನದಲ್ಲಿ ಸತತ ಎರಡನೇ ಅವಧಿಗೆ ಅವಕಾಶ ಇರಲಿಲ್ಲ ಅನ್ನೋದು ಹೆಚ್ಚಿನವರಿಗೆ ದೊಡ್ಡ ವಿಷಯವಾಗಲಿಲ್ಲ. ದೂರದಲ್ಲಿ ಕೂತು ‘ಪಾಪ, ಜನಕ್ಕೆ ಪ್ರಜಾಪ್ರಭುತ್ವ ಅರ್ಥವಾಗಿಲ್ಲ’ ಅನ್ನುವ ವಿದ್ವಾಂಸರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮಗಳು ಸ್ಕೂಲಿನಿಂದ ಜೀವಂತ ಬರುತ್ತಾಳೋ ಇಲ್ಲವೋ ಅಂತ ಕಾದು ಕೂತವರಿಗೆ ಅದನ್ನು ಹೇಳುವ ಧೈರ್ಯ ಯಾರಿಗಿದೆ?

ಹಾಗಂತ ನನ್ನ ವಾದವನ್ನು ಬಿಟ್ಟುಕೊಡುವುದೂ ಇಲ್ಲ. ಮೊದಲನೆಯದು, ಇಳಿತ ಶುರುವಾದದ್ದು 2022ರಲ್ಲಿ ಅಲ್ಲ. 2015ರಲ್ಲಿ ನೂರು ದಾಟಿದ್ದ ಪ್ರಮಾಣ 2021ರ ಹೊತ್ತಿಗೇ 18ರ ಆಸುಪಾಸಿಗೆ ಬಂದಿತ್ತು. ಅದರಲ್ಲಿ ಎಷ್ಟು ಪೊಲೀಸರದ್ದು, ಎಷ್ಟು ಗುಟ್ಟಿನ ಮಾತುಕತೆಯದ್ದು ಅಂತ ಬಿಡಿಸದೆ ‘ಬುಕೆಲೆ ಮಾದರಿ’ ಅಂತ ಒಂದನ್ನು ಬೇರೆ ದೇಶಗಳು ಕೊಂಡೊಯ್ಯುತ್ತಿವೆ. ಹೊಂಡುರಾಸ್ 2022ರ ಡಿಸೆಂಬರ್‌ನಲ್ಲೇ ತುರ್ತು ಸ್ಥಿತಿ ಘೋಷಿಸಿತು. ಅಲ್ಲಿ ಅಂಥ ಫಲ ಸಿಗಲಿಲ್ಲ.

ಎರಡನೆಯದು ಲೆಕ್ಕ. ಪೊಲೀಸರ ಗುಂಡಿಗೆ ಸತ್ತ ಶಂಕಿತರು ಈಗಿನ ಕೊಲೆ ಲೆಕ್ಕದಲ್ಲಿ ಇಲ್ಲ. ಜೈಲಿನಲ್ಲಿ ಸತ್ತವರೂ ಇಲ್ಲ. ಮಾನವ ಹಕ್ಕು ಸಂಘಟನೆಗಳು ಬಂಧನದಲ್ಲಿ 300ಕ್ಕೂ ಹೆಚ್ಚು ಸಾವುಗಳನ್ನು ದಾಖಲಿಸಿವೆ. ಅವರಲ್ಲಿ ಬಹಳ ಜನಕ್ಕೆ ಯಾವ ತೀರ್ಪೂ ಬಂದಿರಲಿಲ್ಲ. ತಪ್ಪಾಗಿ ಹಿಡಿದಿದ್ದೇವೆ ಅಂತ ಸರ್ಕಾರವೇ ಸಾವಿರಾರು ಜನರನ್ನು ಬಿಟ್ಟಿದೆ. ಇನ್ನೂ ಒಳಗಿರುವವರಲ್ಲಿ ಅಂಥವರೆಷ್ಟು? ಹೇಳಬೇಕಾದ ಕೋರ್ಟುಗಳು 900 ಜನರ ವಿಚಾರಣೆಯಲ್ಲಿ ಒಬ್ಬೊಬ್ಬನ ವಿಷಯ ಕೇಳುವುದಾದರೂ ಹೇಗೆ?

ಮೂರನೆಯದು ನನ್ನನ್ನು ಹೆಚ್ಚು ಕಾಡುವುದು. ಇದನ್ನೆಲ್ಲ ಕಂಡುಹಿಡಿಯುವ ಜನರೇ ಅಲ್ಲಿ ಉಳಿಯುತ್ತಿಲ್ಲ. ಎಲ್ ಫಾರೊ 2023ರಲ್ಲಿ ತನ್ನ ಕಾನೂನುಬದ್ಧ ನೆಲೆಯನ್ನು ಕೋಸ್ಟರಿಕಾಗೆ ಸಾಗಿಸಿತು. 2025ರ ಮೇನಲ್ಲಿ 18ನೇ ಬೀದಿಯ ಮುಖಂಡರು ಬುಕೆಲೆ ಜೊತೆಗಿನ ಹಳೆಯ ಒಪ್ಪಂದಗಳ ಬಗ್ಗೆ ಕ್ಯಾಮರಾ ಮುಂದೆ ಮಾತಾಡಿದ್ದನ್ನು ಪ್ರಕಟಿಸಿದ ಮೇಲೆ ಅದರ ಪತ್ರಕರ್ತರು ದೇಶ ಬಿಟ್ಟರು. ಬಂಧನದ ಸಾವುಗಳನ್ನು ದಾಖಲಿಸುತ್ತಿದ್ದ ಕ್ರಿಸ್ಟೊಸಾಲ್ ಸಂಸ್ಥೆ ಅದೇ ವರ್ಷ ಜುಲೈನಲ್ಲಿ ಹೊರನಡೆಯಿತು. ಅದರ ವಕೀಲೆ ರೂತ್ ಲೋಪೆಸ್ ಅವರನ್ನು ಮೇನಲ್ಲೇ ಬಂಧಿಸಿದ್ದರು.

ಅಮೆರಿಕದಲ್ಲಿ ನಡೆದದ್ದೂ ಕಡಿಮೆ ವಿಚಿತ್ರವಲ್ಲ. ನ್ಯೂಯಾರ್ಕಿನ ಫೆಡರಲ್ ಕೋರ್ಟಿನಲ್ಲಿ ಎಂಎಸ್-13ರ ಉನ್ನತ ನಾಯಕರ ಮೇಲೆ ದೊಡ್ಡ ಕೇಸು ಇತ್ತು. ವಿಚಾರಣೆ ನಡೆದಿದ್ದರೆ ಸರ್ಕಾರ ಮತ್ತು ಗ್ಯಾಂಗಿನ ನಡುವೆ ಏನಾಯಿತು ಅನ್ನೋದು ಪ್ರಮಾಣ ಮಾಡಿದ ಸಾಕ್ಷಿಯಾಗಿ ಹೊರಬರುತ್ತಿತ್ತು. 2025ರ ಮಾರ್ಚ್‌ನಲ್ಲಿ ಅಮೆರಿಕ ಇನ್ನೂರಕ್ಕೂ ಹೆಚ್ಚು ವೆನೆಜುವೆಲಾದವರನ್ನು ಸೆಕೋಟ್ ಜೈಲಿಗೆ ಕಳಿಸಿತು. ಅವರು ‘ಟ್ರೆನ್ ದೆ ಅರಾಗುವಾ’ ಎಂಬ ಇನ್ನೊಂದು ಗ್ಯಾಂಗಿನವರು ಅನ್ನೋದು ಆರೋಪ. ಹಲವರ ಮೇಲಿನ ಸಾಕ್ಷ್ಯ ಅಂದರೆ ಹಚ್ಚೆ. ಅದೇ ದಿನದ ವಿಮಾನಗಳಲ್ಲಿ ಎಂಎಸ್-13ರ ಒಬ್ಬ ಮುಖ್ಯ ನಾಯಕನನ್ನೂ, ನ್ಯೂಯಾರ್ಕಿನ ಕೇಸು ಕೈಬಿಟ್ಟು, ಎಲ್ ಸಾಲ್ವಡಾರ್‌ಗೆ ಮರಳಿಸಿದರು. 1990ರ ದಶಕದಲ್ಲಿ ಗಡೀಪಾರಿನಿಂದ ಗ್ಯಾಂಗ್ ಎಲ್ ಸಾಲ್ವಡಾರ್‌ಗೆ ಹೋಯಿತು. ಈ ಸಲ ಗಡೀಪಾರಿನಿಂದ ಸಾಕ್ಷಿ ಹೋಯಿತು.

ಇಂಥ ವಿಷಯದ ಸಂಶೋಧನೆ ಯಾವತ್ತೂ ಸುರಕ್ಷಿತವಾಗಿರಲಿಲ್ಲ. ಮೇಲೆ ಹೇಳಿದ ಸಮೀಕ್ಷಾ ಸಂಸ್ಥೆ ಐಯುಡಾಪ್ ಕಟ್ಟಿದ ಮನಶ್ಶಾಸ್ತ್ರಜ್ಞ ಪಾದ್ರಿ ಇಗ್ನಾಸಿಯೊ ಮಾರ್ಟಿನ್-ಬಾರೊ ಅವರನ್ನು 1989ರ ನವೆಂಬರ್ 16ರಂದು ಸೇನೆ ವಿಶ್ವವಿದ್ಯಾಲಯದ ಆವರಣದಲ್ಲೇ ಕೊಂದಿತು. 18ನೇ ಬೀದಿಯವರ ಜೊತೆ ತಿಂಗಳುಗಟ್ಟಲೆ ಇದ್ದು ಸಾಕ್ಷ್ಯಚಿತ್ರ ಮಾಡಿದ ಕ್ರಿಸ್ಟಿಯನ್ ಪೊವೇದಾ ಅವರನ್ನು 2009ರ ಸೆಪ್ಟೆಂಬರ್‌ನಲ್ಲಿ ಗ್ಯಾಂಗಿನವರೇ ಕೊಂದರು. ಒಬ್ಬರು ಸರ್ಕಾರದ ಗುಂಡಿಗೆ, ಇನ್ನೊಬ್ಬರು ಗ್ಯಾಂಗಿನ ಗುಂಡಿಗೆ.

ಆ 1996ರ ಸಮೀಕ್ಷೆ ಹೇಗೆ ಮಾಡಿದರು ಅನ್ನೋದನ್ನು ಹೇಳಲೇಬೇಕು. ಪ್ರಶ್ನಾವಳಿ ಹಿಡಿದು ಗ್ಯಾಂಗುಗಳ ಬಳಿ ಹೋದದ್ದು ಗ್ಯಾಂಗಿನ ಹುಡುಗರೇ. ಎರಡೂ ಬಣದವರನ್ನು ಸೇರಿಸಿ, ತರಬೇತಿ ಕೊಟ್ಟು, ಸಂದರ್ಶಕರನ್ನಾಗಿ ಕಳಿಸಿದರು. ‘ನಿನಗೆ ಏನು ಬೇಕು?’ ಅಂತ ಕೇಳಿದಾಗ ಎಷ್ಟೋ ಹುಡುಗರು ಹೇಳಿದ್ದು ಕೆಲಸ, ಓದು, ಹಿಂಸೆಯಿಂದ ಬಿಡುಗಡೆ. ಅದೇ ಕೆಲಸದ ನಡುವೆ, ಹಿಂಸೆ ಬಿಡಲು ಬಯಸಿದವರ ಹೋಮೀಸ್ ಉನೀದೋಸ್ ಎಂಬ ಸಂಘಟನೆ ರೂಪುಗೊಂಡಿತು. ಬಿಗಿ ಕೈ ಬರುವುದಕ್ಕೆ ಏಳು ವರ್ಷ ಮುಂಚಿನ ಮಾತಿದು.

2025ರ ಫೆಬ್ರವರಿಯಲ್ಲಿ ಅಮೆರಿಕ ಎಂಎಸ್-13 ಅನ್ನು ವಿದೇಶಿ ಭಯೋತ್ಪಾದಕ ಸಂಘಟನೆಗಳ ಪಟ್ಟಿಗೆ ಸೇರಿಸಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಾರಿಯೊ 18 ಕೂಡ ಸೇರಿತು. ಆ ಪಟ್ಟಿಯಲ್ಲಿರುವ ಸಂಘಟನೆಗೆ ನೆರವು ಕೊಡುವುದು ಅಪರಾಧ. ನೆರವು ಅಂದರೆ ದುಡ್ಡು, ಬಂದೂಕು ಅಷ್ಟೇ ಅಲ್ಲ. ಜಗಳವನ್ನು ಶಾಂತಿಯಿಂದ ಬಗೆಹರಿಸಿಕೊಳ್ಳುವುದು ಹೇಗೆ ಅಂತ ಆ ಸಂಘಟನೆಯವರಿಗೆ ತರಬೇತಿ ಕೊಟ್ಟರೂ ಅದು ನೆರವೇ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಇವತ್ತು ಯಾರಾದರೂ ಇಂಥ ಹುಡುಗರನ್ನು ಕೂರಿಸಿಕೊಂಡು, ಪ್ರಶ್ನೆ ಕೇಳುವುದನ್ನು ಕಲಿಸಿ, ಕೈಗೆ ಪ್ರಶ್ನಾವಳಿ ಕೊಟ್ಟು ಕಳಿಸಬೇಕೆಂದರೆ, ಮೊದಲು ಒಬ್ಬ ಒಳ್ಳೆಯ ಲಾಯರನ್ನು ಹುಡುಕಿಕೊಳ್ಳಬೇಕು.